ಖಾಲಿ ಪೆಟ್ಟಿಗೆಯ ಎಣಿಕೆ

ಕುರ್ಚಾತೊವ್, 3 ಸೆಪ್ಟೆಂಬರ್ 2001

ಪ್ರೀತಿಯ ಅತ್ತಿಗೆ,

ನೀನಿನ್ನೂ ರಷ್ಯಾದಿಂದ ವಾಪಸು ಬಂದಿಲ್ಲ ಎಂದು ಅಂಚೆ ಬಸ್ಸಿನ ಡ್ರೈವರ್ ಹೇಳಿದ. ಅದೆಂಥ ಮದುವೆ, ತಿಂಗಳುಗಟ್ಟಲೆ ನಡೆಯುವಂಥದ್ದು? ನಿನ್ನ ತಮ್ಮನ ಮಗಳಿಗೆ ನಾನೂ ಒಂದು ಶಾಲು ಕೊಡುತ್ತಿದ್ದೆ, ಒಂದು ಮಾತು ಹೇಳಿದ್ದರೆ. ಇರಲಿ. ಬಂದ ಕೂಡಲೇ ಇದನ್ನು ಓದು. ಚಹಾಕ್ಕೆ ನೀರಿಡುವ ಮೊದಲೇ ಓದು.

ನಗರದ ಕ್ಷಯರೋಗಿಗಳ ಆರೋಗ್ಯಧಾಮದವರು ಕೊನೆಗೂ ಬರೆದು ಕೊಟ್ಟಿದ್ದಾರೆ. ತಾಸ್‌ಬುಲಾಕಿನ ಕುಮಿಸ್, ಕುದುರೆಯ ಹುಳಿಹಾಲು, ತೆಗೆದುಕೊಳ್ಳಲು ಅವರದೇನೂ ಅಡ್ಡಿಯಿಲ್ಲ, ನಮ್ಮ ಪ್ರಯೋಗಾಲಯ ಶುದ್ಧವೆಂದು ಹೇಳಿದರೆ. ಬಾಂಬು ಪರೀಕ್ಷೆಯ ಬಯಲಿನ ಪಕ್ಕದ ಊರೆಂದು ಹೆಸರು ಕೇಳಿದರೆ ಮುಖ ತಿರುಗಿಸುತ್ತಿದ್ದವರು ಇಷ್ಟಕ್ಕೆ ಬಂದಿದ್ದಾರೆ. ನೀನು ಹೆಂಗಸರನ್ನು ಸೇರಿಸಿ ಆ ಹಾಲಿನ ಮನೆ ಕಟ್ಟಿದ್ದು ಸಾರ್ಥಕವಾದೀತು. ಆದರೆ ಅವರು ಕೇಳಿರುವ ಮಿತಿ ತೀರ ಕೆಳಗಿನದು. ವಿಕಿರಣ ಎಣಿಸುವ ನನ್ನ ಯಂತ್ರ ಇದುವರೆಗೆ ಅಷ್ಟು ಕೆಳಗೆ ನೋಡಲಾರದಾಗಿತ್ತು. ಗೋಡೆಯ ಇಟ್ಟಿಗೆ, ನೆಲದಿಂದ ಏಳುವ ಗಾಳಿ, ಆಕಾಶದಿಂದ ಬೀಳುವುದು, ಕೊನೆಗೆ ಪಕ್ಕದಲ್ಲಿ ನಿಂತ ನನ್ನ ಮೈಯೊಳಗಿನ ಲವಣ ಕೂಡ ಅದರ ಕಿವಿಯಲ್ಲಿ ಗಿಜಿಗುಡುತ್ತಿದ್ದವು. ಸಂತೆಯ ನಡುವೆ ನಿಂತು ಪಿಸುಮಾತು ಕೇಳಿಸಿಕೊಳ್ಳುವ ಪಾಡು.

ಬೇಸಿಗೆಯೆಲ್ಲ ಅದನ್ನೇ ಸರಿಮಾಡಿದೆ. ಹೊಸ ಸೀಸಕ್ಕೆ ತನ್ನದೇ ವಿಕಿರಣ ಇರುತ್ತದೆ, ಹಳತಾದಷ್ಟೂ ಅದು ಸುಮ್ಮನಾಗುತ್ತದೆ. ತ್ಸಾರನ ಕಾಲದ ನೀರಿನ ಕೊಳವೆಗಳನ್ನು ಅಗೆದು ತೆಗೆದಿದ್ದರಲ್ಲ, ಆ ಸೀಸವನ್ನು ಬೇಡಿ ತಂದು ಕರಗಿಸಿ ಪೆಟ್ಟಿಗೆ ಮಾಡಿಸಿದೆ. ಒಳಗೆ ತಾಮ್ರದ ತಗಡು ಹೊದಿಸಿದೆ. ಕೋಣೆಯ ಗಾಳಿ ಒಳಗೆ ನಿಲ್ಲದಂತೆ ಸಾರಜನಕದ ಆವಿ ಬಿಡುತ್ತೇನೆ. ಈಗ ಪೆಟ್ಟಿಗೆಯನ್ನು ಖಾಲಿ ಇಟ್ಟು ಎಣಿಸಿದರೆ ಬಹುಮಟ್ಟಿಗೆ ಮೌನ. ಆ ಎಣಿಕೆಯನ್ನು ಹಾಲಿನ ಎಣಿಕೆಯಿಂದ ಕಳೆದರೆ ಉಳಿಯುವುದೇ ಹಾಲಿನದು.

ಎರಡು ಕುದುರೆ ಹಿಂಡುಗಳ ಹಾಲನ್ನೂ ಬೇರೆ ಬೇರೆ ಕಳಿಸು, ಮೇಲಿನ ಬುಗ್ಗೆಯ ಕಡೆ ಮೇಯುವುದು, ಬಾಂಬು ಕೊರೆದ ಕುಳಿಕೆರೆಯ ಕಡೆ ಮೇಯುವುದು. ಪಶುವೈದ್ಯೆಗೆ ಬಾಟಲಿ ತೊಳೆಯುವುದನ್ನು ನಾನು ಹೇಳಿಕೊಡಬೇಕಿಲ್ಲ. ನವೆಂಬರಿನೊಳಗೆ ಉತ್ತರ ಕೊಡಬೇಕು. ನನಗೆ ನಿದ್ದೆಯೂ ಸರಿಯಾಗಿ ಬರುತ್ತಿಲ್ಲ.

ನಿನ್ನ ಬೆಳ್ಳಿ


ತಾಸ್‌ಬುಲಾಕ್, 19 ಸೆಪ್ಟೆಂಬರ್

ಮುದ್ದಿನ ಬೆಳ್ಳಿ,

ಬಂದೆ. ರೈಲಿನ ಪ್ರಯಾಣ ಮೈಯೆಲ್ಲ ಹಿಂಡಿ ಹಾಕಿದೆ. ದಾರಿಯಲ್ಲಿ ತಣ್ಣನೆ ಗಾಳಿ ತಾಗಿ ಗಂಟಲು ಕಟ್ಟಿದೆ. ಮಾತಾಡಿದರೆ ಹಳೆಯ ಬಾಗಿಲು ತೆರೆದ ಹಾಗೆ ಕೇಳುತ್ತದೆ, ಆದ್ದರಿಂದ ಕುತ್ತಿಗೆಗೆ ಶಾಲು ಸುತ್ತಿಕೊಂಡೇ ಇದ್ದೇನೆ. ಮದುವೆ ಚೆನ್ನಾಗಿ ಆಯಿತು. ಹೆಚ್ಚು ಬರೆಯುವಂಥದ್ದೇನಿಲ್ಲ.

ನಿನ್ನ ಕಾಗದವನ್ನು ಹಾಲಿನ ಮನೆಯಲ್ಲಿ ಗಟ್ಟಿಯಾಗಿ ಓದಿಸಿದೆ. ಕಾಮ್ಕಾ ಅಜ್ಜಿ ಕುಮಿಸ್ ಕಡೆಯುವ ಕೋಲು ನಿಲ್ಲಿಸಿ ಕೇಳಿದಳು, "ಹಂಗಾರೆ ಆ ಯಂತ್ರಕ್ಕೆ ನಮ್ಮ ಕುಮಿಸ್ ಕುಡಿಸ್ತಾರಾ?"

"ಕುಡಿಸಲ್ಲ ಅಜ್ಜಿ, ಪಕ್ಕದಲ್ಲಿ ಇಡ್ತಾರೆ ಅಷ್ಟೆ," ಎಂದೆ.

"ಪಕ್ಕದಲ್ಲಿಟ್ಟು ಕುಡಿಸ್ದೆ ಇದ್ರೆ ಅದಕ್ಕೆ ಸಿಟ್ಟು ಬರಲ್ವಾ? ನಾನಾಗಿದ್ರೆ ಸುಳ್ಳು ಲೆಕ್ಕ ಹೇಳ್ತಿದ್ದೆ."

ಹೆಂಗಸರೆಲ್ಲ ನಕ್ಕರು. ಎಷ್ಟು ದಿನದಿಂದ ಇವರು ಹೀಗೆ ನಕ್ಕಿರಲಿಲ್ಲ. ನಾನಿಲ್ಲದಾಗ ಗೋಡೆಗೆ ಸುಣ್ಣ ಬಳಿದು, ಬಾಟಲಿಗಳಿಗೆ ಚೀಟಿ ಅಂಟಿಸಿ, ಆರೋಗ್ಯಧಾಮದ ಗಾಡಿ ನಾಳೆಯೇ ಬರುತ್ತದೆ ಎನ್ನುವ ಹಾಗೆ ಸಿದ್ಧವಾಗಿದ್ದಾರೆ.

ಬಾಟಲಿಗಳನ್ನು ನಾನೇ ತುಂಬಿ, ನಾನೇ ಮುಚ್ಚಿ ತರುತ್ತೇನೆ. ಆ ಅಂಚೆ ಬಸ್ಸು ಎಲ್ಲೆಂದರಲ್ಲಿ ಕೆಟ್ಟು ನಿಲ್ಲುತ್ತದೆ, ನಂಬಲಾರೆ. ಮುಂದಿನ ವಾರ ಬರುತ್ತೇನೆ. ಒಂದೇ ರಾತ್ರಿ ಇರುತ್ತೇನೆ, ನನಗೆಂದು ಏನೂ ಮಾಡಬೇಡ.

ಉರ್ಕಿಯಾ


ಕುರ್ಚಾತೊವ್, 2 ಅಕ್ಟೋಬರ್

ಅತ್ತಿಗೆ,

ಮೊದಲು ಮನೆಯ ಮಾತು ಬರೆದುಬಿಡುತ್ತೇನೆ, ಇಲ್ಲದಿದ್ದರೆ ಕೆಲಸದ ಮಾತಿನಲ್ಲೂ ಅದೇ ಇಣುಕುತ್ತದೆ.

ನನ್ನ ಮೊಮ್ಮಗಳು ಅಕ್ಬೊತಾ ನಡೆಯಲು ಕಲಿತಿದ್ದಾಳೆ. ಅವಳ ಕಾಲಿನ ದಾರ ಕತ್ತರಿಸುವ ಶಾಸ್ತ್ರವನ್ನು ನಿನ್ನ ಕೈಯಿಂದಲೇ ಮಾಡಿಸಬೇಕೆಂದು ಕಾದಿದ್ದೆ. ಕತ್ತರಿಸಿದವರ ನಡಿಗೆಯೇ ಮಗುವಿಗೆ ಬರುತ್ತದಲ್ಲ, ಮನೆತನದಲ್ಲಿ ಚುರುಕಾಗಿ ನಡೆದವಳು, ಎಡವದೆ ಬಾಳಿದವಳು ಯಾರು ಎಂದರೆ ನನಗೆ ಬೇರೆ ಹೆಸರು ಹೊಳೆಯುವುದಿಲ್ಲ. ದಾರ ಕಟ್ಟಿ, ಕತ್ತರಿ ಹಿಡಿದು ನಿಂತ ನನಗೆ ನೀನು ಹೇಳಿದ್ದೇನು? "ಬೇರೆ ಯಾರಾದ್ರೂ ಮಾಡ್ಲಿ ಬೆಳ್ಳಿ. ನನ್ನ ಕೈಯಲ್ಲಿ ಬೇಡ." ಮಗು ನಿನ್ನ ಮೊಣಕಾಲು ಹಿಡಿಯಲು ಬಂದರೆ ಎದ್ದು ಕಿಟಕಿಯ ಹತ್ತಿರ ಹೋದೆ. ನನ್ನ ಮಗಳು ನೋಡಿದಳು, ಅವಳ ಅತ್ತೆಯೂ ನೋಡಿದಳು. ಊಟಕ್ಕೆ ನೀನು ಎಲ್ಲರ ಜೊತೆ ಕೂರಲಿಲ್ಲ. ಹಾಸಿಗೆಯನ್ನು ಅಡುಗೆಮನೆಗೆ ಎಳೆದುಕೊಂಡೆ. ಅಣ್ಣ ಹೋದ ಮೇಲೆ ಈ ಮನೆ ನಿನಗೆ ಪರಕೀಯವಾಯಿತೋ, ನಾವು ಏನಾದರೂ ತಪ್ಪಿದೆವೋ, ಅದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಮರುದಿನ ಪ್ರಯೋಗಾಲಯದಲ್ಲಿ ಮಾತ್ರ ಬಾಟಲಿ ಎತ್ತಿಕೊಡುವುದು, ಒರೆಸುವುದು, ಎಲ್ಲಕ್ಕೂ ಮುಂದು.

ಇನ್ನು ಕೆಲಸ. ಇದನ್ನು ಯಾರ ಮುಂದೆಯೂ ಓದಬೇಡ.

ಹಾಲಿನಲ್ಲಿ ಅಯೋಡಿನ್ ಇದೆ. ನಾವು ಹುಡುಕುತ್ತಿದ್ದುದು ಸೀಸಿಯಂ. ಬಾಂಬುಗಳಿಂದ ಉಳಿದಿದ್ದರೆ ಅದೇ ಉಳಿದಿರಬೇಕು. ಆದರೆ ನನಗೆ ಕಾಣುತ್ತಿರುವುದು ವಿಕಿರಣದ ಅಯೋಡಿನ್. ಎಂಟು ದಿನಕ್ಕೊಮ್ಮೆ ಅದು ಅರ್ಧವಾಗುತ್ತಾ ಹೋಗುತ್ತದೆ, ಕೆಲವೇ ತಿಂಗಳಲ್ಲಿ ಏನೂ ಉಳಿಯುವುದಿಲ್ಲ. ಪರೀಕ್ಷಾ ಬಯಲನ್ನು ಮುಚ್ಚಿ ಹತ್ತು ವರ್ಷ ಕಳೆದ ಮೇಲೆ ಅದು ಇರಲು ಸಾಧ್ಯವೇ ಇಲ್ಲ. ಇದೆ ಎಂದರೆ ಈ ತಿಂಗಳು, ಹೆಚ್ಚೆಂದರೆ ಹೋದ ತಿಂಗಳು, ಎಲ್ಲಿಂದಲೋ ಹೊಸದಾಗಿ ಬಂದಿದೆ. ಆ ಸದ್ದಿನ ಕೆಳಗೆ ಸೀಸಿಯಂ ಇದೆಯೋ ಇಲ್ಲವೋ ಕೂಡ ತಿಳಿಯುತ್ತಿಲ್ಲ.

ನಿನ್ನ ಕಡೆ ಅಪರಿಚಿತ ಲಾರಿಗಳು ಬಂದವೇ? ಬಯಲಿನ ಕಡೆ ಸದ್ದು, ಹೊಗೆ? ಕುದುರೆಗಳು ಮಂಕಾಗಿವೆಯೇ? ಕೂಡಲೇ ಬರೆ.

ಬೆಳ್ಳಿ


ತಾಸ್‌ಬುಲಾಕ್, 9 ಅಕ್ಟೋಬರ್

ಬೆಳ್ಳಿ,

ಲಾರಿ ಬಂದಿಲ್ಲ, ಸದ್ದಿಲ್ಲ, ಕುದುರೆಗಳು ಚೆನ್ನಾಗಿವೆ. ಹಾಲಿನಲ್ಲಿ ಏನೂ ಇರಲಾರದು. ನಿನ್ನ ಯಂತ್ರ ಎಲ್ಲೋ ತಪ್ಪು ಕೇಳಿಸಿಕೊಂಡಿರಬೇಕು.

ಎಂಟು ದಿನಕ್ಕೆ ಅರ್ಧವಾಗುತ್ತದೆ ಎಂದು ನೀನೇ ಬರೆದಿದ್ದೀಯ. ಹಾಗಿದ್ದರೆ ಸ್ವಲ್ಪ ಕಾಯಬಾರದೇ? ಬಾಟಲಿಗಳನ್ನು ಒಂದು ಮೂಲೆಯಲ್ಲಿಡು. ತಾನಾಗಿಯೇ ಹೋಗುವುದನ್ನು ಈಗಲೇ ಬರೆದು ಮೇಲಕ್ಕೆ ಕಳಿಸುವ ಅಗತ್ಯವಿದೆಯೇ? ಒಮ್ಮೆ ಕಾಗದಕ್ಕೆ ಏರಿದರೆ ಈ ಊರಿನ ಮೇಲಿಂದ ಅದನ್ನು ಅಳಿಸುವವರು ಯಾರೂ ಇಲ್ಲ.

ಮಗುವಿನ ವಿಷಯ. ನನಗೆ ಕೆಮ್ಮಿತ್ತು, ಅಷ್ಟೇ. ಇನ್ನೇನೂ ಅಂದುಕೊಳ್ಳಬೇಡ.

ಉರ್ಕಿಯಾ


ಕುರ್ಚಾತೊವ್, 16 ಅಕ್ಟೋಬರ್

ಪಶುವೈದ್ಯಾಧಿಕಾರಿ ಉರ್ಕಿಯಾ ಅವರಿಗೆ,

ನೀವು ತಂದುಕೊಟ್ಟ ಎರಡೂ ಮಾದರಿಗಳಲ್ಲಿ ಅಯೋಡಿನ್ ಕಂಡುಬಂದಿರುವುದನ್ನು ನಿಯಮದಂತೆ ಮೇಲಿನ ಕಚೇರಿಗೆ ತಿಳಿಸಲಾಗಿದೆ. ತನಿಖೆಯವರು ಈ ವಾರವೇ ತಾಸ್‌ಬುಲಾಕಿಗೆ ಬರುತ್ತಾರೆ. ಅವರು ಹೇಳುವವರೆಗೆ ಹಾಲಿನ ಮನೆಯನ್ನು ಮುಚ್ಚಿರಬೇಕು.

ಇಷ್ಟು ಅವರ ಪರವಾಗಿ ಬರೆದದ್ದು. ಇನ್ನು ಮುಂದಿನದು ನನ್ನದು.

ಮಕ್ಕಳು ಕುಡಿಯುವ ಹಾಲಿನಲ್ಲಿ ಅಯೋಡಿನ್ ಇದ್ದರೆ ಅದು ನೇರ ಅವರ ಗಂಟಲಿಗೆ ಹೋಗಿ ಕೂರುತ್ತದೆ. ಇದು ನಿಮಗೆ ಗೊತ್ತಿಲ್ಲದ ಸಂಗತಿಯಲ್ಲ. ಆದರೂ ಕಾಯಿರಿ, ಮೂಲೆಯಲ್ಲಿಡಿ, ಬರೆಯಬೇಡಿ ಎಂದು ನನಗೆ ಹೇಳಿದಿರಿ. ನಲವತ್ತು ವರ್ಷ ಬಾಂಬು ಸಿಡಿಸಿದವರು ನಮಗೆ ಹೇಳಿದ್ದೂ ಇದೇ ಮಾತನ್ನೇ ಅಲ್ಲವೇ? ತಾನಾಗಿಯೇ ಹೋಗುತ್ತದೆ, ಬರೆಯುವ ಅಗತ್ಯವಿಲ್ಲ. ಅಣ್ಣನ ರಕ್ತದ ಕಾಯಿಲೆಗೆ ಕೂಡ ಬೇರೆ ಹೆಸರು ಬರೆದು ಕಳಿಸಿದರು. ಆ ಹಾಸಿಗೆಯ ಆ ಬದಿ ನೀವು, ಈ ಬದಿ ನಾನು ಕೂತಿದ್ದೆವು. ನಾನು ಈ ಕೆಲಸಕ್ಕೆ ಬಂದದ್ದು ಆ ದಿನಗಳಿಂದ. ನೀವು ಮಾತ್ರ ಎಲ್ಲಿಗೆ ಬಂದು ನಿಂತಿರಿ?

ಕುಲ್ಯಾಶ್


ಕುರ್ಚಾತೊವ್, 24 ಅಕ್ಟೋಬರ್

ಅತ್ತಿಗೆ,

ಈ ಕಾಗದ ನಿನಗೆ ತಲುಪುವ ಮೊದಲು ನಾನೇ ಬಂದುಬಿಡಬಹುದಿತ್ತು. ಹಿಮ ಬಿದ್ದು ದಾರಿ ಮುಚ್ಚಿದೆ. ಬಸ್ಸು ಹೊರಟ ಕೂಡಲೇ ಇದನ್ನು ಕೊಟ್ಟು ಕಳಿಸುತ್ತೇನೆ.

ತನಿಖೆಯವರು ಹೊಸ ಮಾದರಿ ತಂದರು. ಹುಲ್ಲು, ನೀರು, ಇನ್ನೊಂದು ಹಿಂಡಿನ ಹಾಲು. ಹುಲ್ಲಿನಲ್ಲಿ ಅಯೋಡಿನ್ ಇದ್ದರೆ ತಾನೇ ಹಾಲಿಗೆ ಬರಬೇಕು? ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ, ಒಂದೇ ಪ್ರಮಾಣದಲ್ಲಿ ಕಂಡಿತು. ಹುಲ್ಲಿಗೂ ನೀರಿಗೂ ಒಂದೇ ಪ್ರಮಾಣ ಎಂದಾಗ ನನಗೆ ಅನುಮಾನ ಬಂತು. ಬರೀ ಭಟ್ಟಿ ಇಳಿಸಿದ ನೀರನ್ನಿಟ್ಟು ಎಣಿಸಿದೆ. ಅದರಲ್ಲೂ ಇತ್ತು. ಬಾಟಲಿಯನ್ನೇ ತೆಗೆದು ಖಾಲಿ ಪೆಟ್ಟಿಗೆಯನ್ನು ಎಣಿಸಿದೆ. ಅದರಲ್ಲೂ ಇತ್ತು. ಬೇಸಿಗೆಯಿಡೀ ನಾನು ಮೌನ ಮಾಡಿಟ್ಟಿದ್ದ ಪೆಟ್ಟಿಗೆ.

ಮೊದಲು ಸೀಸವನ್ನು ಬೈದೆ. ಆಮೇಲೆ ಸಾರಜನಕದ ನಳಿಕೆಯನ್ನು ಬಿಚ್ಚಿದೆ. ತಗಡುಗಳನ್ನು ಕಳಚಿ ಒಂದೊಂದನ್ನೇ ತೊಳೆದು, ನಮ್ಮ ಕೈಬಟ್ಟೆಯಿಂದ ಒರೆಸಿ ಮತ್ತೆ ಜೋಡಿಸಿದೆ. ಎಣಿಸಿದರೆ ಮೊದಲಿಗಿಂತ ಜಾಸ್ತಿ. ತೊಳೆದರೆ ಜಾಸ್ತಿಯಾಗುವುದು ಯಾವುದು ಎಂದು ತಲೆ ಹಿಡಿದುಕೊಂಡು ಕೂತಾಗ ಎದುರಿಗೆ ಮೊಳೆಯ ಮೇಲೆ ಅದೇ ಬಟ್ಟೆ ನೇತಾಡುತ್ತಿತ್ತು. ಮಡಚಿ ಪೆಟ್ಟಿಗೆಯೊಳಗಿಟ್ಟೆ. ಪರದೆಯ ಮೇಲೆ ಅಯೋಡಿನ್ನಿನ ಗೆರೆ ಸೂಜಿಯ ಹಾಗೆ ಮೇಲೆದ್ದಿತು.

ಆ ಬಟ್ಟೆಯಿಂದ ನೀನು ಆ ದಿನ ಮುಖ ಒರೆಸಿಕೊಂಡೆ. ಕೆಮ್ಮು ಬಂದಾಗ ಬಾಯಿಗೆ ಒತ್ತಿ ಹಿಡಿದೆ. ಆಮೇಲೆ ಅದರಿಂದಲೇ ಬಾಟಲಿ ಒರೆಸಿಕೊಟ್ಟೆ, ನಾನು ಅದರಿಂದಲೇ ಪೆಟ್ಟಿಗೆ ಒರೆಸುತ್ತಾ ಬಂದೆ.

ಆ ಅಯೋಡಿನ್ನನ್ನು ಯಾರಿಗೆ ಕುಡಿಸುತ್ತಾರೆ ಎಂದು ಈ ಕೆಲಸದಲ್ಲಿರುವವಳಿಗೆ ಬೇರೆ ಯಾರೂ ಹೇಳಬೇಕಿಲ್ಲ. ಕುತ್ತಿಗೆಯಲ್ಲಿ ಗಂಟು ಬಂದವರಿಗೆ, ಅದನ್ನು ಕೊಯ್ದು ತೆಗೆದ ಮೇಲೆ, ಉಳಿದದ್ದನ್ನು ಸುಡಲು. ಕೊಟ್ಟು ಮನೆಗೆ ಕಳಿಸುವಾಗ ಹೇಳುತ್ತಾರೆ, ಬೇರೆ ಮಲಗು, ಬೇರೆ ಉಣ್ಣು, ಮಕ್ಕಳನ್ನು ಹತ್ತಿರ ಬಿಟ್ಟುಕೊಳ್ಳಬೇಡ.

ಆ ಮಗು ನಿನ್ನ ಮೊಣಕಾಲು ಹಿಡಿಯಲು ಬಂದಾಗ ನೀನು ಕಿಟಕಿಯ ಹತ್ತಿರ ಓಡಿಹೋದೆಯಲ್ಲ. ನಾನು ಏನು ಬರೆದೆ ನಿನಗೆ.

ರಷ್ಯಾದಲ್ಲಿ ಮದುವೆ ಇರಲಿಲ್ಲ ಅಲ್ಲವೇ?

ಕಚೇರಿಗೆ ನಾಳೆ ತಪ್ಪೊಪ್ಪಿಗೆ ಬರೆದು ಕೊಡುತ್ತೇನೆ. ಹಾಲಿನದಲ್ಲ, ಪ್ರಯೋಗಾಲಯದೊಳಗಿನ ಮಾಲಿನ್ಯ ಎಂದು. ಯಾರಿಂದ ಎಂದು ಬರೆಯುವುದಿಲ್ಲ. ಕೇಳಿದರೂ ಹೇಳುವುದಿಲ್ಲ. ಅದು ನೀನು ಹೇಳಬೇಕಾದ ಮಾತು.

ಬೆಳ್ಳಿ


ತಾಸ್‌ಬುಲಾಕ್, 26 ಅಕ್ಟೋಬರ್

ಬೆಳ್ಳಿ,

ನಿನ್ನ ಹೆಸರನ್ನು ಕಾಗದದ ಕೆಳಗೆ ನೋಡಿದೆ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನಾನು ಆ ಹೆಸರನ್ನು ಒಮ್ಮೆಯೂ ಬಾಯಲ್ಲಿ ಆಡಿದವಳಲ್ಲ; ಗಂಡನ ತಂಗಿಯ ಹೆಸರು ಹಿಡಿದು ಕರೆಯಬಾರದೆಂದು ಬೆಳ್ಳಿ ಎಂದು ಹೆಸರಿಟ್ಟವಳೇ ನಾನು. ಅದನ್ನು ನೋಡಿ ನನಗೆ ಮುಖಕ್ಕೆ ಬಾಗಿಲು ಹಾಕಿದಂತಾಯಿತು. ಹಾಕಿಸಿಕೊಳ್ಳುವ ಕೆಲಸವನ್ನೇ ಮಾಡಿದ್ದೆ.

ಇಲ್ಲಿ ನಡೆದದ್ದನ್ನು ಮೊದಲು ಹೇಳುತ್ತೇನೆ. ಹೋದ ಶುಕ್ರವಾರ ಮುಖಕ್ಕೆ ಬಟ್ಟೆ ಕಟ್ಟಿಕೊಂಡ ನಾಲ್ಕು ಜನ ಬಂದರು. ಹಾಲಿನ ಮನೆಗೆ ಬೀಗ ಹಾಕಿದರು. ಕಡೆದಿಟ್ಟಿದ್ದ ಕುಮಿಸ್ ಅನ್ನು ಹೊರಗೆ ತಂದು ಸುರಿಯಿರಿ ಎಂದರು. ಯಾರೂ ಮುಂದೆ ಬರಲಿಲ್ಲ, ಅವರೇ ಸುರಿದರು. ಹಿಮದ ಮೇಲೆ ಹಳದಿ ಹೊಳೆ ಹರಿದು ನಾಯಿಗಳು ನೆಕ್ಕಲು ಬಂದವು. ಅವನ್ನೂ ಓಡಿಸಿದರು.

ಕಾಮ್ಕಾ ಅಜ್ಜಿ ಅವರಲ್ಲಿ ಒಬ್ಬನನ್ನು ತಡೆದು ಕೇಳಿದಳು, "ಮಗಾ, ಬಾಯಿಗೆ ಬಟ್ಟೆ ಕಟ್ಕೊಂಡಿದೀಯಲ್ಲ, ಇದನ್ನ ಎಪ್ಪತ್ತು ವರ್ಷ ಕುಡಿದಿದೀನಿ ನಾನು. ನನಗೂ ಒಂದು ಬಟ್ಟೆ ಕೊಡು."

ಅವನು ತಲೆ ತಗ್ಗಿಸಿ ಹೋದ. ಅವನಿಗೂ ಏನು ಗೊತ್ತಿತ್ತು ಪಾಪ.

ಆಮೇಲೆ ಊರಿನಲ್ಲಿ ಮಾತು ಶುರುವಾಯಿತು. ಮತ್ತೆ ಬಾಂಬು ಸಿಡಿಸಿದ್ದಾರೆ, ನೆಲದೊಳಗೆ ಹೂತಿದ್ದಾರೆ, ರಾತ್ರಿ ಬೆಳಕು ಕಂಡೆ ಎಂದು ಒಬ್ಬ, ತನ್ನ ಕುರಿ ಸತ್ತಿತು ಎಂದು ಇನ್ನೊಬ್ಬ. ಹಾಲಿನ ಮನೆಯಲ್ಲಿ ಬಾಟಲಿ ತೊಳೆಯುವ ಶೋಲ್ಪನ್ ಬಸುರಿ, ನಿನಗೆ ಗೊತ್ತಲ್ಲ. ನಿನ್ನೆ ಬೆಳಗ್ಗೆ ಅವಳ ಗಂಡ ಗಾಡಿಗೆ ಗಂಟುಮೂಟೆ ಹೇರುತ್ತಿದ್ದ. ಅವಳು ನನ್ನ ಬಾಗಿಲಿಗೆ ಬಂದು ನಿಂತಳು.

"ಡಾಕ್ಟ್ರಮ್ಮ, ನಾನು ಬೇಸಿಗೆ ಪೂರ್ತಿ ಕುಡಿದಿದೀನಿ. ಇದನ್ನ ಇಟ್ಕೊಳ್ಳೋದಾ, ತೆಗೆಸೋದಾ? ನೀವು ಏನು ಹೇಳಿದ್ರೆ ಅದು."

ಬೆಳ್ಳಿ, ಅಲ್ಲಿಯವರೆಗೆ ನಾನು ಸುಮ್ಮನಿದ್ದೆ. ನಾಲ್ಕು ಜನ ಸುರಿಯುವಾಗಲೂ ಸುಮ್ಮನಿದ್ದೆ. ಇನ್ನೆರಡು ವಾರ ಕಳೆದರೆ ಅದು ಹೋಗುತ್ತದೆ, ಯಂತ್ರ ಸುಮ್ಮನಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ ಎಂದು ಒಳಗೊಳಗೆ ದಿನ ತಳ್ಳುತ್ತಿದ್ದೆ. ಆ ಹುಡುಗಿಯ ಪ್ರಶ್ನೆ ಕೇಳಿದ ಮೇಲೆ ನಿಲ್ಲಲಾಗಲಿಲ್ಲ. ಅಲ್ಲೇ ಬಾಗಿಲಲ್ಲಿ ಶಾಲು ಬಿಚ್ಚಿ ಕುತ್ತಿಗೆ ತೋರಿಸಿದೆ. "ಇಟ್ಕೋ," ಎಂದೆ. "ಹಾಲಿಗೆ ಏನೂ ಆಗಿಲ್ಲ. ಆಗಿರೋದು ನನಗೆ."

ಆಮೇಲೆ ಶಾಲೆಯ ಒಲೆಯ ಸುತ್ತ ಎಲ್ಲರನ್ನೂ ಕರೆಸಿ ಹೇಳಿದೆ. ಜೂನ್‌ನಲ್ಲಿ ಗಂಟು ಸಿಕ್ಕಿತು, ಜುಲೈಯಲ್ಲಿ ನಗರದಲ್ಲಿ ಕೊಯ್ಸಿದೆ, ಕುರಿಗಳಿಗೆ ಲಸಿಕೆ ಹಾಕುವ ಶಿಬಿರ ಎಂದು ನಿಮಗೆ ಹೇಳಿದ್ದು ಅದನ್ನೇ. ರಷ್ಯಾದ ಆಸ್ಪತ್ರೆಯಲ್ಲಿ ಅಯೋಡಿನ್ ಕುಡಿಸಿದರು. ನನ್ನ ಬೆವರಿನದು, ನನ್ನ ಉಗುಳಿನದು ಬಾಟಲಿಗೆ ತಾಗಿದೆ. ಕೈ ತೊಳೆದರೆ ಸಾಕು ಅಂದುಕೊಂಡಿದ್ದೆ. ಅಂಥ ಯಂತ್ರಕ್ಕೆ ಅದು ಸಾಲುವುದಿಲ್ಲ ಎಂದು ಹೊಳೆಯಲಿಲ್ಲ. ನಿನ್ನ ಕಾಗದ ಬಂದಾಗ ಹೊಳೆಯಿತು, ಆಗ ಮುಚ್ಚಿಟ್ಟೆ.

ಯಾಕೆ ಎಂದು ಯಾರೂ ಕೇಳಲಿಲ್ಲ, ಅವರಿಗೆ ಗೊತ್ತು. ಕುಮಿಸ್ ಬಾಟಲಿಯ ಮೇಲೆ ರುಜು ಹಾಕುವವಳಿಗೇ ಗಂಟಲಿನ ಕ್ಯಾನ್ಸರ್ ಎಂದರೆ ಆ ಕುಮಿಸ್ ಅನ್ನು ಯಾರು ಕುಡಿಯುತ್ತಾರೆ? ಆದರೆ ನಿನಗೆ ಹೇಳದಿದ್ದುದಕ್ಕೆ ಅದು ಕಾರಣವಲ್ಲ. ನಿನ್ನ ಅಣ್ಣನ ಹಾಸಿಗೆಯ ಈ ಬದಿಯಲ್ಲಿ ಕೂತಿದ್ದ ಹುಡುಗಿಯ ಮುಖ ನನಗೆ ಮರೆತಿಲ್ಲ. ಅದನ್ನು ಮತ್ತೊಮ್ಮೆ ನೋಡುವ ಶಕ್ತಿ ನನಗಿರಲಿಲ್ಲ.

ಸಭೆಯಲ್ಲಿ ಶೋಲ್ಪನ್‌ಳ ಗಂಡ ಎದ್ದು, "ಆರು ದಿನ ನಾವು ಸತ್ತು ಬದುಕಿದ್ವಿ, ನೀವು ನೋಡ್ತಾ ಇದ್ರಿ," ಎಂದು ಹೇಳಿ ಹೊರಗೆ ಹೋದ.

ಉರ್ಕಿಯಾ


ಕುರ್ಚಾತೊವ್, 6 ನವೆಂಬರ್

ಅತ್ತಿಗೆ,

ನಮ್ಮ ಕಾಗದಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗಿವೆ. ನಿನ್ನದನ್ನು ಎಷ್ಟು ಸಲ ಓದಿದೆನೋ.

ಶೋಲ್ಪನ್‌ಳ ಗಂಡ ಹೇಳಿದ್ದು ನನಗೂ ಸಲ್ಲುತ್ತದೆ. ಒಂದು ಖಾಲಿ ಎಣಿಕೆ ಮಾಡಿ ನೋಡದೆ ನಾನು ವರದಿ ಕಳಿಸಿದೆ. ನೀನು ಬಂದು ಹೋದ ಮೇಲೆ ಹೊಸದಾಗಿ ಎಣಿಸದೆ, ಆಗಸ್ಟಿನ ಹಳೆಯ ಖಾಲಿ ಎಣಿಕೆಯನ್ನೇ ಕಳೆದೆ. ಯಾಕೆ ಗೊತ್ತೇ? ನಿನ್ನ ಮೇಲೆ ಸಿಟ್ಟಿತ್ತು. ಮೊಮ್ಮಗಳ ಶಾಸ್ತ್ರ ಬೇಡವೆಂದವಳು ಏನು ಬೇಕಾದರೂ ಮುಚ್ಚಿಟ್ಟಾಳು ಎಂದುಕೊಂಡೆ. ಸೀಸವನ್ನೂ ಗಾಳಿಯನ್ನೂ ಅನುಮಾನಿಸುವಷ್ಟು ನನ್ನ ಸಿಟ್ಟನ್ನು ಅನುಮಾನಿಸಲಿಲ್ಲ. ಮುಖ್ಯಸ್ಥರು ನನ್ನನ್ನು ಕರೆದು ಬೈದರು, ಬೈಯಲಿ.

ಬೀಗ ತೆಗೆಯಲು ಆದೇಶ ಹೊರಟಿದೆ. ನಿನ್ನ ಎರಡು ಬಾಟಲಿಗಳನ್ನು ಎಸೆದಿಲ್ಲ, ಶೀತಪೆಟ್ಟಿಗೆಯಲ್ಲಿವೆ. ನೀನು ಹೇಳಿದ್ದು ಸರಿ, ಕಾಯಬೇಕು. ನಾನದನ್ನು ಬಚ್ಚಿಡುವ ಮಾತು ಎಂದು ಓದಿಕೊಂಡೆ. ಅಯೋಡಿನ್ ತಾನಾಗಿ ಕರಗಿದ ಮೇಲೆ ಅಡಿಯಲ್ಲಿ ಏನಿದೆಯೋ ಅದು ಕಾಣುತ್ತದೆ. ಪೆಟ್ಟಿಗೆಗೆ ಹೊಸ ತಗಡು ಹಾಕಿಸುತ್ತಿದ್ದೇನೆ. ಆರೋಗ್ಯಧಾಮದವರು ನವೆಂಬರಿನ ಗಡುವನ್ನು ಮುಂದೂಡಲು ಒಪ್ಪಿಲ್ಲ. ಅವರ ಬಾಗಿಲಿಗೆ ನಾನೇ ಹೋಗುತ್ತೇನೆ.

ಇನ್ನೊಂದು. ಆಸ್ಪತ್ರೆಯಲ್ಲಿ ಏನು ಹೇಳಿದರು, ಮುಗಿಯಿತೇ, ಇನ್ನೂ ಇದೆಯೇ? ಈ ಸಲ ನಿಜ ಬರೆ.

ಬೆಳ್ಳಿ


ತಾಸ್‌ಬುಲಾಕ್, 20 ನವೆಂಬರ್

ಬೆಳ್ಳಿ,

ನಿಜ ಬರೆಯುತ್ತೇನೆ. ಮುಗಿದಿಲ್ಲ. ಎಡಗಡೆ ಏನೋ ಉಳಿದಿದೆ ಎಂದರು. ಜನವರಿಯ ಕೊನೆಗೆ ಇನ್ನೊಮ್ಮೆ ಹೋಗಿ ಕುಡಿಯಬೇಕು. ಆಮೇಲೆ ಸಾಮಾನ್ಯವಾಗಿ ಎಲ್ಲರೂ ಬದುಕುತ್ತಾರಂತೆ. ಸಾಮಾನ್ಯವಾಗಿ ಎನ್ನುವಾಗ ಆ ಡಾಕ್ಟರ್ ನನ್ನ ಮುಖ ನೋಡಲಿಲ್ಲ, ಕಾಗದ ನೋಡಿದ. ಇಷ್ಟೇ ನನಗೆ ಗೊತ್ತಿರುವುದು.

ಬೀಗ ತೆಗೆದರು. ಮೊದಲ ಮೂರು ದಿನ ಹಾಲಿನ ಮನೆಗೆ ಯಾರೂ ಬರಲಿಲ್ಲ, ನಾನೂ ಹೋಗಲಿಲ್ಲ. ನಾಲ್ಕನೆಯ ದಿನ ಕಾಮ್ಕಾ ಅಜ್ಜಿ ಬಂದು ಕಿಟಕಿಗೆ ಕೋಲಿನಿಂದ ಬಡಿದಳು.

"ಬಾಟ್ಲಿಗೆ ಮುಚ್ಚಳ ಹಾಕೋಕೆ ನಿನ್ನ ಬಿಡಲ್ಲ," ಎಂದಳು. "ಅದನ್ನ ಶೋಲ್ಪನ್ ಮಾಡ್ತಾಳೆ. ಆದ್ರೆ ಕುದುರೆ ಮರಿ ಹಾಕೋಕೆ ಒದ್ದಾಡೋವಾಗ ಶೋಲ್ಪನ್ನ ಕರೆಯೋಕಾಗುತ್ತಾ? ಎದ್ದು ಬಾ."

ಹೋದೆ. ಶೋಲ್ಪನ್‌ಳ ಗಂಡ ಇನ್ನೂ ಮಾತಾಡಿಸುವುದಿಲ್ಲ. ಅವಳು ಮಾತ್ರ ಹತ್ತಿರ ಬರುತ್ತಾಳೆ. ನಾನೇ ದೂರ ನಿಲ್ಲುತ್ತೇನೆ. ಈಗ ಹೆದರಬೇಕಾದ್ದೇನಿಲ್ಲ ಎಂದು ಗೊತ್ತಿದ್ದರೂ ಕಾಲು ತಾನಾಗಿ ಹಿಂದೆ ಸರಿಯುತ್ತದೆ.

ಉರ್ಕಿಯಾ


ಕುರ್ಚಾತೊವ್, 11 ಜನವರಿ 2002

ಪ್ರೀತಿಯ ಅತ್ತಿಗೆ,

ಎಣಿಸಿದೆ. ಮೊದಲು ಖಾಲಿ ಪೆಟ್ಟಿಗೆ, ಆಮೇಲೆ ಬಾಟಲಿ, ಆಮೇಲೆ ಮತ್ತೆ ಖಾಲಿ ಪೆಟ್ಟಿಗೆ. ಅಯೋಡಿನ್ ಇಲ್ಲ. ಮೇಲಿನ ಬುಗ್ಗೆಯ ಹಾಲು ಅವರು ಕೇಳಿದ ಮಿತಿಗಿಂತ ಎಷ್ಟೋ ಕೆಳಗಿದೆ. ಎಳೆ ಮಗುವಿಗೂ ಕುಡಿಸಬಹುದು. ಕುಳಿಕೆರೆಯ ಕಡೆಯದರಲ್ಲಿ ಸೀಸಿಯಂ ಇದೆ. ಹೆಚ್ಚಿಲ್ಲ, ಆದರೆ ಇದೆ. ಇಷ್ಟು ವರ್ಷ ನಮ್ಮ ಯಂತ್ರದ ಗದ್ದಲದಲ್ಲಿ ಅದು ಅಡಗಿ ಕೂತಿತ್ತು. ಆ ಹಿಂಡನ್ನು ಅಲ್ಲಿಂದ ಎಬ್ಬಿಸಿ ಎಂದು ಬರೆದು ಕಳಿಸಿದ್ದೇನೆ. ಕುದುರೆಯವರಿಗೆ ಸಿಟ್ಟು ಬರುತ್ತದೆ, ನೀನೇ ಎದುರಿಸಬೇಕು.

ಆರೋಗ್ಯಧಾಮದವರು ಈ ವರ್ಷಕ್ಕೆ ಬೇರೆಯವರ ಹತ್ತಿರ ಒಪ್ಪಂದ ಮಾಡಿಕೊಂಡಾಗಿದೆ. ಮೇ ತಿಂಗಳಲ್ಲಿ ಹೊಸ ಹಾಲು ತಂದರೆ ನೋಡುತ್ತೇವೆ ಎಂದರು. ಅಲ್ಲಿನ ಮೇಲ್ವಿಚಾರಕಿ ಬಾಗಿಲವರೆಗೆ ಬಂದು, "ನಿಮ್ಮ ಡಾಕ್ಟ್ರ ವಿಷಯ ಕೇಳಿದೆ," ಎಂದಳು. "ನನ್ನ ಅಕ್ಕಂಗೂ ಅದೇ ಆಗಿತ್ತು. ಮೇನಲ್ಲಿ ಖಂಡಿತ ತನ್ನಿ," ಎಂದಳು. ನಂಬಬಹುದೋ ಇಲ್ಲವೋ ಗೊತ್ತಿಲ್ಲ. ತರೋಣ.

ರಷ್ಯಾದ ಆಸ್ಪತ್ರೆಗೆ ನೀನೊಬ್ಬಳೇ ಹೋಗುವ ಯೋಚನೆ ಬಿಡು. ರಜೆ ಬರೆದು ಕೊಟ್ಟಿದ್ದೇನೆ, ರೈಲಿನಲ್ಲಿ ಎರಡು ಜಾಗ ಕಾದಿರಿಸಿದ್ದೇನೆ. ಕುಡಿಸಿದ ಮೇಲೆ ಒಳಗೆ ಬಿಡುವುದಿಲ್ಲ ಎಂದು ಗೊತ್ತು, ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ. ವಾಪಸು ಬರುವಾಗ ಒಂದೇ ಡಬ್ಬಿಯಲ್ಲಿ ನೀನು ಆ ತುದಿ, ನಾನು ಈ ತುದಿ. ವೈದ್ಯರು ಎಷ್ಟು ದೂರ ಎನ್ನುತ್ತಾರೋ ಅಷ್ಟು ದೂರ ಕೂರುತ್ತೇನೆ ಅತ್ತಿಗೆ. ಅದಕ್ಕಿಂತ ಒಂದು ಗೇಣೂ ಹೆಚ್ಚು ಬೇಡ.

ನಿನ್ನ ಬೆಳ್ಳಿ